ಮೊಗ್ಗಿಗೆ ಮೈನಸ್ 196, ನಮ್ಮವ್ವನ ಕೈಗೆ ಕುದಿನೀರು

ಗೆಳೆಯರೇ, ಸ್ವಲ್ಪ ಉದ್ದದ ಬರಹ. ಪುರುಸೊತ್ತಾದಾಗ ಓದಿ. ಅರ್ಧ ಓದಿ ಜಗಳಕ್ಕೆ ಬರಬೇಡಿ, ಪೂರ್ತಿ ಓದಿ ಬನ್ನಿ.

ಹೋದ ಭಾನುವಾರ ಬೆಳಿಗ್ಗೆ ಅಲ್ಲಾಳಸಂದ್ರ ಕೆರೆ ಹತ್ತಿರ ನಾನು, ನಮ್ಮವ್ವ, ನಮ್ಮಕ್ಕನ ಮಗಳು ಮೂರು ಜನ ಕೂತಿದ್ವಿ. ಹುಡುಗಿ ಎಂಎಸ್ಸಿ ಓದ್ತಿದ್ದಾಳೆ. ನಮ್ಮ ಮನೇಲಿ ಡಿಗ್ರಿ ದಾಟಿದ ಮೊದಲನೇ ಹೆಣ್ಣುಮಗು. ಪ್ರಾಜೆಕ್ಟ್‌ಗೆ ಯಾವ ವಿಷಯ ತಗೊಳ್ತೀಯಾ ಅಂತ ಕೇಳಿದೆ. 'ಮಾವ, ಮರದ ಮೊಗ್ಗನ್ನ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡೋದು. ಎಷ್ಟೋ ದಶಕ ಬಿಟ್ಟು ಹೊರಗೆ ತೆಗೆದರೂ ಮತ್ತೆ ಚಿಗುರಿಸಬಹುದು' ಅಂದಳು.

ನಾನು ನಕ್ಕುಬಿಟ್ಟೆ. 'ನಮ್ಮೋರಿಗೆ ಬದುಕಿದ್ದಾಗ ಸೈಟಿಲ್ಲ, ಸತ್ತಾಗ ಸ್ಮಶಾನ ಇಲ್ಲ. ಮರದ ಮೊಗ್ಗಿಗೆ ಫ್ರಿಜ್ಜಾ? ಇದು ಹೊಟ್ಟೆ ತುಂಬಿದೋರ ಕೆಲಸ ಕಣಮ್ಮ, ನಿನಗ್ಯಾಕೆ?' ಅಂದೆ. ಹುಡುಗಿ ಮುಖ ಚಿಕ್ಕದು ಮಾಡ್ಕೊಂಡಳು. ಮಾತಾಡಲಿಲ್ಲ.

ಅವ್ವ ಮಾತ್ರ ಕೇಳಿದಳು. 'ಯಾವ ಗಿಡದ ಮೊಗ್ಗವ್ವಾ?'

'ಹಿಪ್ಪುನೇರಳೆ ಅಜ್ಜಿ.'

'ಅಂದ್ರೆ ನಮ್ಮ ಕಂಬಳಿ ಗಿಡಾನಾ?'

ಹೂಂ ಅಂದಳು ಹುಡುಗಿ. ಅವ್ವ ಸುಮ್ಮನೆ ತನ್ನ ಕೈ ನೋಡ್ಕೊಂಡಳು. ಆ ಕೈ ನೋಡಿದ ಮೇಲೆ ನಾನು ಆಡಿದ ಮಾತು ನನಗೇ ಚುಚ್ಚೋಕೆ ಶುರುವಾಯ್ತು. ವಾರವೆಲ್ಲ ಯೋಚನೆ ಮಾಡಿ ಇದನ್ನ ಬರೀತಿದ್ದೀನಿ.

ಮೊದಲು ಆ ಕೈ ವಿಷಯ ಹೇಳ್ತೀನಿ.

ನಮ್ಮದು ಶಿಡ್ಲಘಟ್ಟ ಕಡೆ ಒಂದು ಹಳ್ಳಿ. ಅಲ್ಲಿ ಜಮೀನಿದ್ದೋರು ಹಿಪ್ಪುನೇರಳೆ ಬೆಳೆದು ಹುಳು ಮೇಯಿಸ್ತಿದ್ದರು. ಜಮೀನಿಲ್ಲದ ನಮ್ಮಂಥೋರು ಸೊಪ್ಪು ಕೊಯ್ಯೋದಕ್ಕೆ, ಇಲ್ಲಾಂದ್ರೆ ಗೂಡು ಬಿಚ್ಚೋ ಘಟಕಕ್ಕೆ. ನಮ್ಮವ್ವ ಹತ್ತು ವರ್ಷದ ಹುಡುಗಿಯಾಗಿದ್ದಾಗ ಘಟಕಕ್ಕೆ ಹೋದಳು. ನಮ್ಮ ತಾತ ಮುಂಗಡ ಅಂತ ಒಂದಿಷ್ಟು ಕಾಸು ಈಸ್ಕೊಂಡಿದ್ದ. ಆ ಕಾಸು ತೀರೋವರೆಗೆ ಕೆಲಸ ಮಾಡಬೇಕು. ಅದು ತೀರ್ತಾನೇ ಇರಲಿಲ್ಲ. ಜೀತ ಪದ್ಧತಿ ರದ್ದತಿ ಕಾನೂನು ಬಂದಿದ್ದು 1976ರಲ್ಲಿ. ಘಟಕದ ಒಳಗೆ ಅದು ಬಂದಿದ್ದನ್ನ ಅವ್ವ ನೋಡಲಿಲ್ಲ.

ರೇಷ್ಮೆ ಗೂಡು ಬಿಚ್ಚೋದು ಹೇಗೆ ಅಂತ ಎಷ್ಟು ಜನಕ್ಕೆ ಗೊತ್ತು? ಗೂಡನ್ನ ಕುದಿಯೋ ನೀರಿಗೆ ಹಾಕ್ತಾರೆ. ಅಂಟು ಕರಗಿ ಎಳೆ ಸಡಿಲ ಆಗತ್ತೆ. ಆ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕಬೇಕು. ದಿನಕ್ಕೆ ಹತ್ತು ಹನ್ನೆರಡು ಗಂಟೆ. ಚರ್ಮ ಬೆಳ್ಳಗಾಗಿ, ಬೊಬ್ಬೆ ಎದ್ದು, ಒಡೆದು, ಮತ್ತೆ ಅದೇ ನೀರಿಗೆ. ಹುಳು ಬೆಂದ ವಾಸನೆ ಕೂದಲಿಗೆ ಅಂಟಿದರೆ ಹಬ್ಬಕ್ಕೆ ಎರೆದುಕೊಂಡರೂ ಹೋಗಲ್ಲ. ನಾನೂ ಬೇಸಿಗೆ ರಜದಲ್ಲಿ ಅಲ್ಲಿ ಚರಕ ತಿರುಗಿಸಿದವನೇ.

ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ರೇಷ್ಮೆ ಉದ್ಯಮದ ಜೀತದ ಮಕ್ಕಳ ಮೇಲೆ ಒಂದು ವರದಿ ತಂತು. ಕರ್ನಾಟಕದ ಮಕ್ಕಳ ಕಥೆಯೂ ಅದರಲ್ಲಿದೆ. ಆ ಮಕ್ಕಳಲ್ಲಿ ಬಹಳಷ್ಟು ಜನ ದಲಿತರು, ಮುಸ್ಲಿಮರು. ಓದಿ ಯಾರಿಗಾದರೂ ಆಶ್ಚರ್ಯ ಆಗಿದ್ದರೆ ಅವರು ನಮ್ಮ ಕಡೆಯವರಲ್ಲ.

ಇವತ್ತಿಗೂ ನಮ್ಮವ್ವನಿಗೆ ಮುದ್ದೆ ಎಷ್ಟು ಬಿಸಿ ಇದೆ ಅಂತ ಬೆರಳಿಗೆ ಗೊತ್ತಾಗಲ್ಲ. ರೇಷನ್ ಅಂಗಡೀಲಿ ಹೆಬ್ಬೆಟ್ಟಿಟ್ಟರೆ ಯಂತ್ರ ತಗೊಳಲ್ಲ. ಒರೆಸಿ ಇಡು ಅಂತಾರೆ, ಒತ್ತಿ ಇಡು ಅಂತಾರೆ, ನಾಳೆ ಬಾ ಅಂತಾರೆ. ಗೆರೆ ಇದ್ದರೆ ತಾನೆ ಓದೋದು? ಆ ಗೆರೆಯೆಲ್ಲ ಯಾರದೋ ಸೀರೆಯ ಅಂಚಲ್ಲಿದೆ.

ಈಗ ಮೊಗ್ಗಿನ ವಿಷಯಕ್ಕೆ ಬರ್ತೀನಿ. ನಾನು ಸೈನ್ಸ್ ಓದಿದವನಲ್ಲ. ಹುಡುಗಿ ಹತ್ತಿರ ಕೂತು, ನಕ್ಕಿದ್ದಕ್ಕೆ ಕ್ಷಮೆ ಕೇಳಿ, ಎರಡು ಸಂಜೆ ಪಾಠ ಹೇಳಿಸ್ಕೊಂಡೆ. ಅವಳು ಹೇಳಿದ್ದನ್ನ ನನಗೆ ಅರ್ಥವಾದ ಹಾಗೆ ಹೇಳ್ತೀನಿ.

ರಾಗಿ ಬೀಜ ಒಣಗಿಸಿ ಡಬ್ಬಿಗೆ ಹಾಕಿ ಮೈನಸ್ 18, ಮೈನಸ್ 20 ಡಿಗ್ರಿಯಲ್ಲಿಟ್ಟರೆ ದಶಕಗಟ್ಟಲೆ ಉಳಿಯತ್ತೆ. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ ಗುಡ್ಡದೊಳಗೆ 2008ರಲ್ಲಿ ತೆರೆದ ಬೀಜದ ಉಗ್ರಾಣ ಇರೋದು ಇಂಥ ಬೀಜಗಳಿಗೆ. ಆದರೆ ಎಲ್ಲ ಮರದ ಬೀಜವೂ ರಾಗಿ ಥರ ಅಲ್ಲ. ಹಲಸು, ಮಾವಿನ ಬೀಜ ಒಣಗಿಸಿದರೆ ಸತ್ತೇ ಹೋಗತ್ತೆ. ಹಿಪ್ಪುನೇರಳೆಯದ್ದು ಬೇರೆ ಸಮಸ್ಯೆ. ಬೀಜ ಉಳಿಸಬಹುದು, ಆದರೆ ಬೀಜದಿಂದ ಬಂದ ಗಿಡ ತಾಯಿಯ ಹಾಗೇ ಇರಲ್ಲ. ಅದಕ್ಕೇ ನಮ್ಮೋರು ಕಡ್ಡಿ ನೆಡೋದು. ಕಡ್ಡಿಯಿಂದ ಬಂದದ್ದು ಅದೇ ತಾಯಿ. ಹಾಗಾಗಿ ಒಂದು ತಳಿಯನ್ನ ಅದೇ ತಳಿಯಾಗಿ ಉಳಿಸಬೇಕು ಅಂದರೆ ಎರಡು ದಾರಿ. ಒಂದು, ಹೊಲದಲ್ಲಿ ಗಿಡವಾಗಿಯೇ ಇಟ್ಟುಕೊಳ್ಳೋದು. ಇನ್ನೊಂದು, ಅದರ ಜೀವಂತ ಮೊಗ್ಗನ್ನೇ ಹೆಪ್ಪುಗಟ್ಟಿಸೋದು.

ನಮ್ಮ ಗಡಿಯಲ್ಲೇ, ಹೊಸೂರಿನಲ್ಲಿ, ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಪನ್ಮೂಲ ಕೇಂದ್ರ ಇದೆ. ಹೊಸೂರು ಅಂದರೆ ತಮಿಳುನಾಡು ಹೌದು, ಆದರೆ ಅಲ್ಲಿ ಕನ್ನಡ ಆಡೋ ಕೇರಿಗಳಿಗೇನೂ ಕಮ್ಮಿ ಇಲ್ಲ. ಸಾವಿರಕ್ಕೂ ಹೆಚ್ಚು ಬಗೆಯ ಹಿಪ್ಪುನೇರಳೆಯನ್ನ ಅಲ್ಲಿ ಹೊಲದಲ್ಲಿ ಜೀವಂತ ಇಟ್ಟಿದ್ದಾರೆ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ತಳಿಗಳ ಮೊಗ್ಗನ್ನ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಜೊತೆ ಸೇರಿ ದ್ರವ ಸಾರಜನಕಕ್ಕೆ ಹಾಕಿ ಉಳಿಸಿದ್ದಾರೆ. ಅದರ ಉಷ್ಣತೆ ಮೈನಸ್ 196 ಡಿಗ್ರಿ.

ದ್ರವ ಸಾರಜನಕ ಅಂದರೆ ಹೆದರಬೇಡಿ, ನೀವು ನೋಡಿದ್ದೀರಿ. ಹಳ್ಳಿಗೆ ಹಸುವಿಗೆ ಇಂಜೆಕ್ಷನ್ ಕೊಡೋಕೆ ಬರೋ ಡಾಕ್ಟರು ಒಂದು ಕ್ಯಾನ್ ಮುಚ್ಚಳ ತೆಗೆದರೆ ಬಿಳೀ ಹೊಗೆ ಬರತ್ತಲ್ಲ, ಅದೇ. ಇಲ್ಲೇ ಹೆಸರಘಟ್ಟದಲ್ಲಿ ಹೋರಿ ವೀರ್ಯ ಹೆಪ್ಪುಗಟ್ಟಿಸೋ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಅದೇ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹಣ್ಣಿನ ಗಿಡಗಳ ಪರಾಗವನ್ನೂ ಹೀಗೇ ಇಟ್ಟಿದೆ. ಮೊಗ್ಗಿಗೂ ಅದೇ ಕ್ಯಾನ್, ಅದೇ ಹೊಗೆ.

ಕಷ್ಟ ಇರೋದು ನೀರಿನಲ್ಲಿ. ಮೊಗ್ಗಿನ ಜೀವಕೋಶದೊಳಗೆ ನೀರಿದೆ. ಸುಮ್ಮನೆ ತಂಪು ಮಾಡಿದರೆ ಆ ನೀರು ಒಳಗೇ ಹರಳುಗಟ್ಟಿ ಸೂಜಿ ಥರ ಕೋಶವನ್ನ ಹರಿದುಹಾಕತ್ತೆ. ಅದಕ್ಕೆ ಮೊಗ್ಗನ್ನ ಮೊದಲು ಹದವಾಗಿ ಒಣಗಿಸ್ತಾರೆ. ಆಮೇಲೆ ಹಂತ ಹಂತವಾಗಿ ತಂಪು ಮಾಡಿ, ನೀರು ಕೋಶದಿಂದ ನಿಧಾನಕ್ಕೆ ಹೊರಗೆ ಹೋಗೋಕೆ ಬಿಟ್ಟು, ಕೊನೆಗೆ ಸಾರಜನಕಕ್ಕೆ ಹಾಕ್ತಾರೆ. ಚಳಿದೇಶದಲ್ಲಿ ಈ ಕೆಲಸ ಸ್ವಲ್ಪ ಸಲೀಸು. ಅಲ್ಲಿ ಮರವೇ ಚಳಿಗಾಲಕ್ಕೆ ತಯಾರಾಗಿ ನಿದ್ದೆ ಹೋಗತ್ತೆ. ಜಪಾನಿನ ಅಕಿರಾ ಸಕಾಯ್ ಅನ್ನೋ ವಿಜ್ಞಾನಿ ಹಿಪ್ಪುನೇರಳೆಯಂಥ ಮರಗಳ ಚಳಿಗಾಲದ ಕಡ್ಡಿ ಈ ಥಂಡಿಯಲ್ಲೂ ಬದುಕತ್ತೆ ಅಂತ 1960ರ ಹೊತ್ತಿಗೇ ತೋರಿಸಿದ್ದರು. ನಮ್ಮ ಕಡೆ ಅಷ್ಟು ಚಳಿ ಎಲ್ಲಿ? ಅದಕ್ಕೇ ಹೊಸೂರಿನವರದ್ದು ದೊಡ್ಡ ಕೆಲಸ. ಬೇಕಾದಾಗ ಮೊಗ್ಗನ್ನ ಹೊರತೆಗೆದು, ಲ್ಯಾಬಿನಲ್ಲಿ ಚಿಗುರಿಸಿ, ಬೇರು ಬರಿಸಿ, ನೆಲಕ್ಕೆ ಹಾಕಬಹುದು. ಎಲ್ಲವೂ ಬದುಕಲ್ಲ. ಒಂದಷ್ಟು ಬದುಕಿದರೂ ತಳಿ ಉಳೀತು.

ಇದು ಯಾಕೆ ಬೇಕು? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಓಡಾಡಿ ನೋಡಿ. ಎಲ್ಲಿ ನೋಡಿದರೂ ಮೈಸೂರಿನ ಸಂಸ್ಥೆಯಿಂದ ಬಂದ ವಿ-1 ತಳಿ. ಒಳ್ಳೇ ಸೊಪ್ಪು, ಇಳುವರಿ ಜಾಸ್ತಿ, ತಕರಾರಿಲ್ಲ. ಆದರೆ ಅದಕ್ಕೆ ನೀರು ಬೇಕು. ಸಾವಿರ ಅಡಿ ಕೊರೆದರೂ ನೀರು ಸಿಗದ ಸೀಮೆ ಅದು. ಒಂದೇ ತಳಿಯನ್ನ ಕಡ್ಡಿಯಿಂದ ಕಡ್ಡಿಗೆ ನೆಡ್ತಾ ಹೋದರೆ ಸೀಮೆಗೆಲ್ಲ ಒಂದೇ ಗಿಡ ಇದ್ದ ಹಾಗೆ. ನಾಳೆ ಬೇರುಗಂಟು ರೋಗವೋ, ತುಕ್ರಾವೋ, ಹೆಸರೇ ಗೊತ್ತಿಲ್ಲದ ಇನ್ನೊಂದೋ ಜೋರಾಗಿ ಬಂದರೆ ಎಲ್ಲವೂ ಒಟ್ಟಿಗೆ ಬೀಳತ್ತೆ. ಆವಾಗ ಮಳೆಗೇ ಬದುಕ್ತಿದ್ದ, ರೋಗ ತಡೀತಿದ್ದ ಹಳೇ ಗಿಡಗಳು ಬೇಕು. ಬೆಳೆ ಬಿದ್ದರೆ ಜಮೀನ್ದಾರ ಸಾಲ ಮಾಡ್ತಾನೆ, ಕೂಲಿ ಮಾಡೋಳು ಉಪವಾಸ ಮಲಗ್ತಾಳೆ. ಹಾಗಾಗಿ ಮೊಗ್ಗು ಉಳಿಸೋದು ನಮಗೆ ಸಂಬಂಧ ಇಲ್ಲದ ಕೆಲಸ ಅಲ್ಲ. ನಾನು ಕೆರೆ ದಡದಲ್ಲಿ ನಕ್ಕಿದ್ದು ತಪ್ಪು.

ಈಗ ನಮ್ಮ ಗೆಳೆಯರ ಹತ್ತಿರ ನನ್ನ ಜಗಳ.

ಈ ಮಾತು ಎತ್ತಿದರೆ ನಮ್ಮ ವಲಯದಲ್ಲಿ ಎರಡು ಥರ ಉತ್ತರ ಬರತ್ತೆ. ಒಂದು ನಾನು ಕೊಟ್ಟಂಥದ್ದೇ: 'ಇದೆಲ್ಲ ಮೇಲ್ಜಾತಿಯವರ ಶೋಕಿ, ನಮ್ಮ ಹೋರಾಟ ಭೂಮಿಗೆ, ಕೂಲಿಗೆ.' ಇನ್ನೊಂದು ಸಾವಯವದ ಗೆಳೆಯರದ್ದು: 'ಲ್ಯಾಬು ಯಾಕೆ, ನಮ್ಮ ಹಳ್ಳಿ ಸಾಕು, ನಮ್ಮಜ್ಜಿ ಮಡಕೆಯಲ್ಲಿ ಬೀಜ ಇಡ್ತಿದ್ದಳು.'

ಎರಡನೆಯವರಿಗೆ ಮೊದಲು ಹೇಳ್ತೀನಿ. ಸ್ವಾಮಿ, ನಿಮ್ಮಜ್ಜಿ ಮಡಕೆಯಲ್ಲಿ ಬೀಜ ಇಡ್ತಿದ್ದಳು, ಯಾಕಂದ್ರೆ ನಿಮ್ಮಜ್ಜಿಗೆ ಹೊಲ ಇತ್ತು. ನಮ್ಮಜ್ಜಿಗೆ ಮಡಕೆ ಮಾತ್ರ ಇತ್ತು. ಅದರಲ್ಲೂ ಊರ ಬಾವಿಯ ನೀರು ಮೇಲಿಂದ ಯಾರಾದರೂ ಹೊಯ್ದರೆ ಮಾತ್ರ. ಹಳ್ಳಿಯನ್ನ ಸ್ವರ್ಗ ಅಂತ ಹಾಡೋರಿಗೆ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಉತ್ತರ ಕೊಟ್ಟಿದ್ದಾರೆ. ನಮಗೆ ಹಿಂದಕ್ಕೆ ಹೋಗೋಕೆ ಯಾವ ಒಳ್ಳೇ ಹಳ್ಳಿಯೂ ಇಲ್ಲ.

ಮೊದಲನೆಯವರಿಗೆ, ಅಂದರೆ ನನಗೇ ನಾನು ಹೇಳ್ಕೊಳ್ಳೋದು. ನಾವು ಬಿಟ್ಟುಕೊಟ್ಟ ಜಾಗ ಖಾಲಿ ಇರಲ್ಲ, ಯಾರೋ ಬಂದು ಕೂತಿರ್ತಾರೆ. ಮಹಾಡದ ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ 1927ಕ್ಕೆ ಮೊದಲೇ ಕಾಗದದ ಮೇಲೆ ಆಗಿತ್ತು. ಮಾರ್ಚ್ 20ರಂದು ಹೋಗಿ ನೀರು ಮುಟ್ಟಿ ಕುಡಿದ ಮೇಲೆ ಅದು ಹಕ್ಕಾಯ್ತು. ಬಾಬಾಸಾಹೇಬರು 'ಆ ಕೆರೆ ಮೇಲ್ಜಾತಿಯವರದ್ದು, ನಮಗ್ಯಾಕೆ' ಅಂದಿದ್ದರೆ? ಲ್ಯಾಬೂ ಒಂದು ಕೆರೆ ಕಣ್ರೀ. ನಮ್ಮ ತೆರಿಗೆ ದುಡ್ಡಲ್ಲಿ ತೋಡಿದ ಕೆರೆ. ನಮ್ಮ ಅಲ್ಲಾಳಸಂದ್ರ ಗೇಟ್‌ನಿಂದ ನೋಡಿದರೆ ಜಿಕೆವಿಕೆಯ ಹಸಿರು ಕಾಣತ್ತೆ. ಪ್ರತಿ ನವೆಂಬರ್‌ನಲ್ಲಿ ಕೃಷಿ ಮೇಳಕ್ಕೆ ನಾವೂ ಹೋಗ್ತೀವಿ, ಮಳಿಗೆಯಲ್ಲಿ ಸಸಿ ಕೊಳ್ತೀವಿ, ಚುರುಮುರಿ ತಿಂದು ವಾಪಸ್ ಬರ್ತೀವಿ. ಆ ಗೋಡೆಯ ಒಳಗೆ ಏನು ಉಳಿಸ್ತಾರೆ, ಏನು ಬಿಡ್ತಾರೆ ಅಂತ ಇಷ್ಟು ವರ್ಷದಲ್ಲಿ ನಾವು ಒಂದು ಸಲವಾದರೂ ಕೇಳಿದ್ದೀವಾ?

ಕೇಳೋಕೆ ಏನಿದೆ ಅಂದರೆ, ಮೂರು ಪ್ರಶ್ನೆ ಇದೆ.

ಒಂದು: ಚೀಟಿಯಲ್ಲಿ ಯಾರ ಹೆಸರು?

ಇಂಥ ತಳಿ ಸಂಗ್ರಹದಲ್ಲಿ ಪ್ರತಿಯೊಂದಕ್ಕೂ ಒಂದು ನಂಬರು, ಒಂದು ದಾಖಲೆ ಇರತ್ತೆ. ಅದಕ್ಕೆ ಪಾಸ್‌ಪೋರ್ಟ್ ಮಾಹಿತಿ ಅಂತಾರಂತೆ. ಯಾವ ಜಾತಿಯ ಗಿಡ, ಎಲ್ಲಿ ಸಿಕ್ಕಿತು, ಯಾವತ್ತು, ಸಂಗ್ರಹಿಸಿದ್ದು ಯಾರು, ಕೊಟ್ಟಿದ್ದು ಯಾರು. ಒಳ್ಳೇದೇ. ಆದರೆ 'ಕೊಟ್ಟಿದ್ದು ಯಾರು' ಅನ್ನೋ ಕಡೆ ಯಾರ ಹೆಸರು ಬರತ್ತೆ ಯೋಚಿಸಿ. ಮರ ಯಾರ ಜಮೀನಲ್ಲಿದೆಯೋ ಅವರ ಹೆಸರು.

ನಮ್ಮ ಕೇರಿ ಪಕ್ಕ ಹಳ್ಳದ ದಂಡೆಯಲ್ಲಿ ಒಂದು ಹಳೇ ಕಂಬಳಿ ಮರ ಇತ್ತು. ಎರಡಾಳೆತ್ತರ. ಎಂಥ ಬರದಲ್ಲೂ ಸೊಪ್ಪು ಬಿಡ್ತಿತ್ತು. ಹಣ್ಣು ತಿಂದು ನಮ್ಮ ಬಾಯೆಲ್ಲ ಕಪ್ಪಾಗ್ತಿತ್ತು. ಹೊಲದಲ್ಲಿ ಸೊಪ್ಪು ಸಾಲದಾದಾಗ ಜಮೀನಿದ್ದೋರೇ ಬಂದು ಅದರ ಕಡ್ಡಿ ಕೊಯ್ದುಕೊಂಡು ಹೋಗಿ ನೆಟ್ಟಿದ್ದಾರೆ. ನಮ್ಮವ್ವ, ಅವಳ ಅತ್ತೆ ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರನ್ನ ಅದರ ಬುಡಕ್ಕೆ ಹೊಯ್ಯೋರು. ಯಾವ ಕೊಂಬೆಯ ಕಡ್ಡಿ ಬೇಗ ಬೇರು ಬಿಡತ್ತೆ, ಯಾವುದು ಬಿಡಲ್ಲ, ಅವ್ವನಿಗೆ ಇವತ್ತಿಗೂ ಬಾಯಲ್ಲಿದೆ. ರಸ್ತೆ ಅಗಲ ಮಾಡೋವಾಗ ಮರ ಹೋಯ್ತು. ಅದರ ಕಡ್ಡಿ ನೆಟ್ಟ ಹೊಲದಿಂದ ಯಾರಾದರೂ ವಿಜ್ಞಾನಿ ಮಾದರಿ ತಗೊಂಡಿದ್ದರೆ ಚೀಟಿಯಲ್ಲಿ ಹೊಲದವನ ಹೆಸರಿರತ್ತೆ. ವಿಜ್ಞಾನಿಯದು ತಪ್ಪಲ್ಲ, ಅವರು ಕೇಳಿದರು, ಅವನು ಹೇಳಿದ. ಆದರೆ ಕೇರಿಯ ಹೆಂಗಸು ಆ ಸಾಲಿನಲ್ಲಿ ಬರೋಕೆ ದಾರೀನೇ ಇಲ್ಲ.

ಕಾನೂನು ಏನು ಹೇಳತ್ತೆ ಗೊತ್ತಾ? 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತ ಅಂದರೆ ಬರೀ ಉಳುವವನು, ಉಳಿಸುವವನು ಅಲ್ಲ. ಕಾಡುಜಾತಿಯನ್ನೋ, ಸಾಂಪ್ರದಾಯಿಕ ತಳಿಯನ್ನೋ ಒಬ್ಬರೇ ಆಗಲಿ ಸೇರಿ ಆಗಲಿ ಆರಿಸಿ, ಗುರುತಿಸಿ, ಕಾಪಾಡಿಕೊಂಡು ಬಂದವರೂ ರೈತರೇ. ಪಹಣಿ ಇರಲೇಬೇಕು ಅಂತ ಆ ಸಾಲಿನಲ್ಲಿಲ್ಲ. ಅಂದರೆ ಬಚ್ಚಲ ನೀರು ಹೊಯ್ದು ಮರ ಸಾಕಿದ ನಮ್ಮವ್ವನೂ ಅದರ ಕೆಳಗೆ ಬರಬಹುದು. ನಮ್ಮಲ್ಲಿ ಎಷ್ಟು ಸಂಘಟನೆ ಇದೆ, ಎಷ್ಟು ವಕೀಲರಿದ್ದಾರೆ. ಈ ಸಾಲನ್ನ ಹಿಡಿದು ಅರ್ಜಿ ಹಾಕಿದವರನ್ನ ನನಗೆ ತೋರಿಸಿ, ನಾನು ಅವರಿಗೆ ಹಾರ ಹಾಕ್ತೀನಿ.

ಎರಡು: ಕ್ಯಾನ್ ತುಂಬೋರು ಯಾರು?

ಸಾರಜನಕ ಸುಮ್ಮನೆ ಕೂರಲ್ಲ, ಆವಿಯಾಗ್ತಾನೇ ಇರತ್ತೆ. ಮತ್ತೆ ಮತ್ತೆ ತುಂಬಬೇಕು. ಹಬ್ಬ ಇರಲಿ, ಬಂದ್ ಇರಲಿ, ಕೊರೊನಾ ಇರಲಿ. ಎಲ್ಲರೂ ಮರೆತರೆ ಇಡೀ ಸಂಗ್ರಹ ಕರಗಿ ಕೊಳೆತುಹೋಗತ್ತೆ. ಅಂದರೆ ಈ ನೂರು ವರ್ಷದ ಭರವಸೆ ನಿಂತಿರೋದು ಯಂತ್ರದ ಮೇಲಲ್ಲ, ಕ್ಯಾನ್ ಹೊತ್ತು ತುಂಬೋ ಸಹಾಯಕನ ಮೇಲೆ. ಅಂಥ ಕೆಲಸ ಗುತ್ತಿಗೆಗೆ ಹೋದರೆ ಯಾರ ಮನೆಯವರು ಅದಕ್ಕೆ ಬರ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾ?

ಹುಡುಗಿ ಇನ್ನೊಂದು ವಿಷಯ ಹೇಳಿದಳು. ಒಂದು ಲೀಟರ್ ದ್ರವ ಸಾರಜನಕ ಚೆಲ್ಲಿದರೆ ಸುಮಾರು 700 ಲೀಟರ್ ಅನಿಲ ಆಗತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ರೂಮಿನಲ್ಲಿ ಆಮ್ಲಜನಕವನ್ನ ಹೊರಗೆ ತಳ್ಳತ್ತೆ, ಒಳಗಿದ್ದವರು ಗೊತ್ತಾಗದ ಹಾಗೆ ಕುಸಿದು ಬೀಳ್ತಾರೆ. ಅದಕ್ಕೇ ಸರಿಯಾದ ಲ್ಯಾಬಿನಲ್ಲಿ ಗೋಡೆಗೆ ಆಮ್ಲಜನಕ ಅಳೆಯೋ ಯಂತ್ರ ಇರತ್ತೆ. ಕಮ್ಮಿಯಾದ ತಕ್ಷಣ ಕೂಗತ್ತೆ.

ಕೇಳಿ ನನಗೆ ಊಟ ಸೇರಲಿಲ್ಲ. ಯಾಕಂದ್ರೆ ವಾಸನೆ ಬರದ ಗಾಳಿಯಲ್ಲಿ ಉಸಿರುಗಟ್ಟಿ ಸಾಯೋದು ಅಂದರೆ ಏನು ಅಂತ ನಮ್ಮ ಜನಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ಮ್ಯಾನ್‌ಹೋಲ್‌ಗೆ ಇಳಿಸಬಾರದು ಅಂತ 2013ರಲ್ಲಿ ಕಾನೂನು ಬಂತು. ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, 2023ರಲ್ಲಿ 30 ಲಕ್ಷ ಅಂತು. ಪರಿಹಾರದ ಮೊತ್ತ ಏರ್ತಾ ಇದೆ, ಗುಂಡಿಗೆ ಇಳಿಸೋದು ನಿಂತಿಲ್ಲ. ಅಂದರೆ ಈ ದೇಶಕ್ಕೆ ಆಮ್ಲಜನಕ ಅಳೆಯೋ ಯಂತ್ರ ಗೊತ್ತಿಲ್ಲ ಅಂತ ಅಲ್ಲ. ಯಾವ ಗೋಡೆಗೆ ಹಾಕಬೇಕು, ಯಾವ ಗುಂಡಿಗೆ ಬೇಡ ಅನ್ನೋದು ಮೊದಲೇ ತೀರ್ಮಾನ ಆಗಿದೆ. ಮೊಗ್ಗಿನ ರೂಮಿನ ಯಂತ್ರ ಕಿತ್ತುಹಾಕಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ಕ್ಯಾನ್ ತುಂಬೋನಿಗೂ ಅದು ಇರಲಿ, ಖಾಯಂ ಕೆಲಸವೂ ಇರಲಿ. ಮ್ಯಾನ್‌ಹೋಲ್‌ಗೆ ಮನುಷ್ಯನೇ ಇಳಿಯದೇ ಇರಲಿ.

ಮೂರು: ಬಾಗಿಲ ಕೀಲಿ ಯಾರ ಹತ್ತಿರ?

ಹೊಸೂರಿನಿಂದ ಮೊಗ್ಗು ದೆಹಲಿಗೆ ಹೋಯ್ತು. ನಾಳೆ ಬರ ಬಂದು, ಆ ಹಳೇ ಮರದಂಥ ತಳಿ ಬೇಕು ಅಂತಾದರೆ, ಅದು ಮೊದಲು ಯಾರಿಗೆ ಸಿಗತ್ತೆ? ಸಂಶೋಧಕರಿಗೆ, ಕಂಪನಿಗೆ, ನರ್ಸರಿಗೆ, ಜಮೀನಿದ್ದ ರೈತನಿಗೆ. ಸರದಿಯ ಕೊನೆಯಲ್ಲಿ ನಿಂತವಳಿಗೆ ಸಿಗೋದು ಮತ್ತೆ ಕೂಲಿ. ಉಳಿಸೋದು ಸಾಲದು, ಹಂಚೋದರಲ್ಲೂ ಪಾಲು ಬೇಕು.

ಇದಕ್ಕೂ ಕಾಗದದ ಮೇಲೆ ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮರ, ತಿಳಿವಳಿಕೆಯ ದಾಖಲಾತಿ ಪುಸ್ತಕ ಇರಬೇಕು. 2004ರ ಕೇಂದ್ರ ನಿಯಮಗಳಲ್ಲಿ ಆ ಸಮಿತಿಯ ನಾಮನಿರ್ದೇಶಿತ ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕೆ ಕಮ್ಮಿ ಇಲ್ಲದ ಹಾಗೆ ಹೆಂಗಸರು, ಶೇಕಡಾ 18ಕ್ಕೆ ಕಮ್ಮಿ ಇಲ್ಲದ ಹಾಗೆ ಪರಿಶಿಷ್ಟ ಜಾತಿ, ಪಂಗಡದವರು ಇರಬೇಕು ಅಂತ ಬರೆದಿದ್ದರು. ನಿಮ್ಮ ಪಂಚಾಯ್ತಿಯಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ? ಆ ಪುಸ್ತಕವನ್ನ ಯಾರು ಬರೆದರು? ಬರೆಯೋಕೆ ಬಂದವರು ಕೇರಿಗೆ ಬಂದಿದ್ದರಾ? ಹಂದಿ ಜೋಗರು, ಬುಡುಬುಡಿಕೆಯವರು, ಮೂಲಿಕೆ ಕೊಡೋ ಮುದುಕಿಯರು, ಚರ್ಮ ಹದ ಮಾಡೋಕೆ ತಂಗಡಿ ಚಕ್ಕೆ ತರ್ತಿದ್ದ ನಮ್ಮ ತಾತಂದಿರು, ಇವರ ಹತ್ತಿರ ಒಂದು ಮಾತಾದರೂ ಕೇಳಿದ್ದರಾ? ನಾಳೆಯೇ ಹೋಗಿ ಕೇಳಿ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ, ಹತ್ತು ರೂಪಾಯಿ.

ಇಷ್ಟು ಹೇಳಿ, ನಮ್ಮದೇ ಒಂದು ಕಥೆ ನೆನಪು ಮಾಡ್ತೀನಿ.

ಬುದ್ಧನಿಗೆ ಜ್ಞಾನೋದಯ ಆದ ಬೋಧಿ ಮರದ ಕೊಂಬೆಯನ್ನ ಅಶೋಕನ ಮಗಳು ಸಂಘಮಿತ್ತೆ ಸಿಂಹಳಕ್ಕೆ ತಗೊಂಡು ಹೋದಳು ಅಂತ ಬೌದ್ಧ ಪರಂಪರೆ ಹೇಳತ್ತೆ. ಅನುರಾಧಪುರದಲ್ಲಿ ಆ ಮರ ಇವತ್ತಿಗೂ ಪೂಜೆಗೊಳ್ತಾ ನಿಂತಿದೆ. ಇತ್ತ ಬೋಧಗಯೆಯಲ್ಲಿ ಏನಾಯ್ತು? ಹಳೇ ಮರ 1876ರಲ್ಲಿ ಬಿದ್ದುಹೋಯ್ತು. ಈಗ ಇರೋದು 1881ರಲ್ಲಿ ಕನ್ನಿಂಗ್‌ಹ್ಯಾಮ್ ನೆಟ್ಟದ್ದು. ಒಂದು ಕಡೆ ಬಿದ್ದರೂ ಇನ್ನೊಂದು ಕಡೆ ಬದುಕಿರಲಿ ಅಂತ ಕೊಂಬೆ ಕಡಿದು ಬೇರೆ ನೆಲಕ್ಕೆ ಕಳಿಸೋ ವಿದ್ಯೆ ನಮಗೆ ಹೊಸದಲ್ಲ. ಇವತ್ತಿನ ಸಾರಜನಕದ ಕ್ಯಾನ್ ಅದೇ ವಿದ್ಯೆಯ ಮರಿಮಗ. ಅದನ್ನ ಕೈಯಲ್ಲಿ ಹಿಡಿದು ಹೊರಟವಳ ಹೆಸರನ್ನ ಜನ ಎರಡು ಸಾವಿರ ವರ್ಷ ಮರೀಲಿಲ್ಲ ಅನ್ನೋದನ್ನೂ ಗಮನಿಸಿ. ಮರದ ಜೊತೆ ಹೆಸರೂ ಉಳೀತು. ನಾವು ಕೇಳ್ತಿರೋದು ಅಷ್ಟೇ.

ಅದಕ್ಕೇ ನನ್ನ ನಿಲುವು ಸ್ಪಷ್ಟ. ಮೊಗ್ಗು ಹೆಪ್ಪುಗಟ್ಟಿಸೋ ಕೆಲಸ ನಿಲ್ಲಬಾರದು, ಹೆಚ್ಚಾಗಬೇಕು. ಹಿಪ್ಪುನೇರಳೆ ಮಾತ್ರ ಅಲ್ಲ, ಊರೂರಿನ ಹಲಸು, ಮಾವು, ನೇರಳೆ ಎಲ್ಲದಕ್ಕೂ ಆಗಬೇಕು. ಆದರೆ ಸಂಗ್ರಹಕ್ಕೆ ಬಂದವರು ಹೊಲದಲ್ಲೇ ನಿಲ್ಲದೆ ಕೇರಿಗೂ ಬರಬೇಕು. ಚೀಟಿಯಲ್ಲಿ ಸಾಕಿದವರ ಹೆಸರು ಬರಬೇಕು. ಕ್ಯಾನ್ ತುಂಬೋರಿಗೆ ಖಾಯಂ ಕೆಲಸ, ರಕ್ಷಣೆ ಬೇಕು. ಹೊರಗೆ ತೆಗೆದ ಗಿಡ ಭೂಮಿ ಸಿಕ್ಕಿದ ದಲಿತ ಕುಟುಂಬಗಳಿಗೆ ಮೊದಲು, ಪುಕ್ಕಟೆ ಸಿಗಬೇಕು. ಎಲ್ಲಕ್ಕಿಂತ ಮೊದಲು ಆ ಲ್ಯಾಬಿನಲ್ಲಿ ಬಿಳೀ ಕೋಟು ಹಾಕ್ಕೊಂಡು ನಮ್ಮ ಮಕ್ಕಳು ನಿಂತಿರಬೇಕು, ಕಸ ಗುಡಿಸೋಕೆ ಮಾತ್ರ ಅಲ್ಲ.

ಈ ಕೊನೇದು ಸುಲಭ ಅಲ್ಲ ಅಂತ ಗೊತ್ತು. ನಮ್ಮ ಹುಡುಗಿ ಪ್ರಾಜೆಕ್ಟ್ ಕೇಳೋಕೆ ಒಂದು ಕಡೆ ಹೋದಾಗ ಮಾರ್ಕ್ಸ್ ಕಾರ್ಡ್ ನೋಡೋದಕ್ಕೆ ಮುಂಚೆ ಯಾವ ಕೋಟಾ ಅಂತ ಕೇಳಿದರಂತೆ. ಅವಳು ಮನೆಗೆ ಬಂದು ಹೇಳಿರಲೇ ಇಲ್ಲ. ಯಾಕಂದ್ರೆ ಹೇಳಿದ್ದರೆ ನಾನು 'ಬಿಟ್ಟು ಬಾ' ಅಂದಿರ್ತಿದ್ದೆ. ಕೆರೆ ದಡದಲ್ಲಿ ನಾನು ನಕ್ಕಾಗ ಅವಳಿಗೆ ಅದೂ ಇದೂ ಒಂದೇ ಥರ ಕೇಳಿಸಿರಬೇಕು. ಅವರು ಬಾಗಿಲಿಂದ ತಳ್ಳಿದರು, ನಾನು ಹಿಂದಿನಿಂದ ಎಳೆದೆ. ಇನ್ನು ಎಳೆಯಲ್ಲ.

ನಿನ್ನೆ ರಾತ್ರಿ ಅವ್ವ ಮೊಮ್ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಆ ಹಳ್ಳದ ದಂಡೆ ಮರದ ಸಂಗತಿ ಹೇಳ್ತಿದ್ದಳು. ಎಲೆ ಎಷ್ಟಗಲ, ಹಣ್ಣು ಯಾವ ತಿಂಗಳು, ಕಡ್ಡಿ ಯಾವ ಮಳೆಗೆ ನೆಡಬೇಕು. ಹುಡುಗಿ ನೋಟ್‌ಬುಕ್ಕಿನಲ್ಲಿ ಬರ್ಕೊಳ್ತಿದ್ದಳು. ಬರೆದು ಮುಗಿಸಿ ಕೆಳಗೆ 'ಮಾಹಿತಿ ಕೊಟ್ಟವರು' ಅಂತ ಗೆರೆ ಎಳೆದು ಅಜ್ಜಿಯ ಪೂರ್ತಿ ಹೆಸರು ಬರೆದಳು. ಅವ್ವ ಅಭ್ಯಾಸದಂತೆ ಹೆಬ್ಬೆಟ್ಟು ಮುಂದೆ ಮಾಡಿದಳು. 'ಬೇಡ ಅಜ್ಜಿ, ಹೆಸರು ಸಾಕು' ಅಂದಳು ಹುಡುಗಿ.

ಮೊಗ್ಗಿನ ಕ್ಯಾನ್ ದೆಹಲಿಯಲ್ಲಿದೆ. ಈ ನೋಟ್‌ಬುಕ್ಕು ಅಲ್ಲಾಳಸಂದ್ರದಲ್ಲಿದೆ. ಎರಡೂ ಒಂದು ಕಡೆ ಸೇರಬೇಕು. ಅಲ್ಲಿವರೆಗೂ ಈ ಮಾತು ಬಿಡಲ್ಲ.

ನಿಮ್ಮ ಕೇರಿಯಲ್ಲೂ ಇಂಥ ಮರ ಇದ್ದರೆ, ಇತ್ತು ಅನ್ನೋ ನೆನಪಿದ್ದರೆ, ಮನೆಯ ಹಿರಿಯರನ್ನ ಕೂರಿಸ್ಕೊಂಡು ಬರೆದಿಡಿ. ಹೆಸರು ಬರೆಯೋದು ಮಾತ್ರ ಮರೀಬೇಡಿ.

ಜೈ ಭೀಮ್.